ನಾನು ರನ್‌ವೇ ತೊಳೆದದ್ದು

ಯಲಹಂಕ ಉಪನಗರದ ನಮ್ಮ ಪಾರ್ಕಿಗೆ ಬೆಳಿಗ್ಗೆ ವಾಕಿಂಗ್ ಬರುವ ಹೆಂಗಸರು ನನ್ನನ್ನು ಬಹಳ ವಿನಯವಂತೆ ಎಂದುಕೊಂಡಿದ್ದಾರೆ. ಹೋದ ವಾರ ಒಬ್ಬರು ಬಾಯಿಬಿಟ್ಟೇ ಹೇಳಿದರು, “ಎಷ್ಟ್ ತಲೆ ತಗ್ಗಿಸ್ಕೊಂಡು ನಡೀತೀರ ಕಣ್ರೀ ನೀವು! ಈಗಿನ ಕಾಲದಲ್ಲಿ ಯಾರಿದಾರೆ ಹಿಂಗೆ?” ಅವರ ಪಕ್ಕದಲ್ಲಿದ್ದವರು ದನಿ ಇಳಿಸಿ, “ಪಾಪ, ಯಜಮಾನ್ರು ಹೋದ್ಮೇಲೆ ಹಿಂಗಾಗ್ಬಿಟ್ರು” ಎಂದರು. ದನಿ ಇಳಿಸಿದರೆ ನನಗೆ ಕೇಳಿಸುವುದಿಲ್ಲ ಎಂದು ಅವರಿಗೆ ಯಾರು ಹೇಳಿದರೋ. ನನ್ನ ಬಾಯಿ ಎಂಥದ್ದು ಎಂದು ಬಲ್ಲ, ಪಕ್ಕದ ಕೋಗಿಲು ಹಳ್ಳಿಯ ನನ್ನ ತವರಿನವರು ಯಾರಾದರೂ ಅಲ್ಲಿದ್ದಿದ್ದರೆ, ವಿನಯ ಎಂಬ ಮಾತು ಕೇಳಿ ಬಿದ್ದು ಬಿದ್ದು ನಗುತ್ತಿದ್ದರು.

ನಾನು ನೆಲ ನೋಡುತ್ತೇನೆ, ಅಷ್ಟೇ. ಪಾರ್ಕಿನ ಮೂಲೆಯಲ್ಲಿ ನಲ್ಲಿ ಸೋರಿ ಸೋರಿ ಸಿಮೆಂಟಿನ ಮೇಲೆ ಪಾಚಿ ಕಟ್ಟಿದೆ. ಅದರ ಅಂಚು ಒಣಗಿ ಕಂದು ಬಣ್ಣಕ್ಕೆ ತಿರುಗಿದೆ. ಹಾಲಿನ ವ್ಯಾನು ನಿಲ್ಲುವ ಕಡೆ ಟಾರಿನ ಮೇಲೆ ಎಣ್ಣೆಯ ಹನಿಗಳಿವೆ, ಹಳೆಯದರ ಮೇಲೆ ಹೊಸದು, ಹೊಸದರ ಮೇಲೆ ಧೂಳು. ನಿಂತು ನೋಡುತ್ತಿದ್ದರೆ ನನಗೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ಇದು ನಮ್ಮ ಮನೆಯವರು ನನಗೆ ಅಂಟಿಸಿ ಹೋದ ರೋಗ.

ಅವರು ಯಶವಂತಪುರದ ಒಂದು ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದರು. ದೇವನಹಳ್ಳಿಯಲ್ಲಿ ಹೊಸ ಏರ್‌ಪೋರ್ಟ್ ಶುರುವಾಯಿತಲ್ಲ, ಆ ವರ್ಷವೇ ಸ್ವಯಂ ನಿವೃತ್ತಿ ತೆಗೆದುಕೊಂಡು ಮನೆಯಲ್ಲಿ ಕೂತರು. ಮನೆಯಲ್ಲಿ ಕೂತ ಗಂಡಸು ಎಂದರೆ ಏನು ಎಂದು ಕೂರಿಸಿಕೊಂಡ ಹೆಂಗಸರಿಗೆ ಗೊತ್ತು. ಸಾಂಬಾರಿಗೆ ಉಪ್ಪು ಯಾಕೆ ಈಗ ಹಾಕಿದೆ, ಪರದೆ ಯಾಕೆ ಆ ಕಡೆ ಎಳೆದೆ, ಎಲ್ಲಕ್ಕೂ ಒಂದು ಅಭಿಪ್ರಾಯ. ನಮ್ಮ ಮಗಳು ಮದುವೆಯಾಗಿ ತುಮಕೂರಿಗೆ ಹೋಗುವಾಗ ತನ್ನ ಕಂಪ್ಯೂಟರನ್ನು ಇಲ್ಲೇ ಬಿಟ್ಟು ಹೋಗಿದ್ದಳು. ಆರ್.ಟಿ. ನಗರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ಬಾಲು ಎಂಬಾತ ಅದನ್ನು ಸರಿಮಾಡಲು ಬಂದವನು, ಇವರ ಮುಖ ನೋಡಿ ಕನಿಕರಪಟ್ಟು ವಿಮಾನ ಹಾರಿಸುವ ಆಟವೊಂದನ್ನು ಅದರಲ್ಲಿ ಹಾಕಿಕೊಟ್ಟ. ಆಟ ಎಂದರೆ ಇವರಿಗೆ ಸಿಟ್ಟು ಬರುತ್ತಿತ್ತು. “ಆಟ ಅಲ್ಲ ಕಣೇ ಸರೋಜಾ, ಸಿಮ್ಯುಲೇಟರ್. ಪೈಲಟ್‌ಗಳೂ ಇದ್ರಲ್ಲೇ ಕಲಿಯೋದು” ಎನ್ನುತ್ತಿದ್ದರು. ಇಷ್ಟಕ್ಕೂ ಈ ಮಹಾನುಭಾವರು ಜನ್ಮದಲ್ಲಿ ಒಂದು ಸಲವೂ ವಿಮಾನ ಹತ್ತಿದವರಲ್ಲ. ತಿರುಪತಿಗೆ ಬಸ್ಸಿನಲ್ಲಿ ಹೋದರೆ ಹೊಸಕೋಟೆ ದಾಟುವುದರೊಳಗೆ ನಿಂಬೆಹಣ್ಣು ಮೂಸುತ್ತಿದ್ದರು.

ಅದನ್ನು ಆಡುವ ಉಳಿದವರಿಗೆಲ್ಲ ವಿಮಾನ ಹಾರಿಸುವ ಚಿಂತೆಯಾದರೆ ಇವರಿಗೆ ನೆಲದ ಚಿಂತೆ. ಆ ಸಿಮ್ಯುಲೇಟರಿನಲ್ಲಿ ನಮ್ಮ ಜಕ್ಕೂರಿನ ಸಣ್ಣ ವಿಮಾನ ನಿಲ್ದಾಣವೂ ಇತ್ತು. ಇತ್ತು ಎಂದರೆ, ಹಸಿರು ಬಣ್ಣ ಬಳಿದ ಬಯಲಿನಲ್ಲಿ ಒಂದು ಬೂದು ಪಟ್ಟಿ. “ಇದು ಜಕ್ಕೂರಾ? ಹಸಿರು ರಗ್ಗಿನ ಮೇಲೆ ಸ್ಲೇಟ್ ಇಟ್ಟಂಗಿದೆ!” ಎಂದು ಅವರು ಕೂಗಾಡಿದ ರೀತಿ ನೋಡಿದರೆ, ಅವರಪ್ಪನ ಜಮೀನಿಗೆ ಯಾರೋ ಬೇಲಿ ಹಾಕಿದ್ದಾರೆ ಎನ್ನಬೇಕು. ಅಂದಿನಿಂದ ಜಕ್ಕೂರಿನ ನೆಲ ಮಾಡಲು ಕೂತರು.

ನೆಲ ಮಾಡುವುದು ಎಂದರೆ ಏನು ಎಂದು ನೀವು ಕೇಳುತ್ತೀರಿ. ನಾನೂ ಕೇಳಿದ್ದೆ. ಆಕಾಶದಿಂದ ತೆಗೆದ ಚಿತ್ರವನ್ನು ಅಡಿಗೆ ಹಾಸಿಕೊಂಡು, ಅದರ ಮೇಲೆ ಮಣ್ಣು, ಮಣ್ಣಿನ ಮೇಲೆ ಹುಲ್ಲು, ನಡುವೆ ಟಾರು, ಟಾರಿನ ಮೇಲೆ ಬಿಳಿ ಹಳದಿ ಗೆರೆ, ಹೀಗೆ ತೆಳ್ಳಗಿನ ಹಾಳೆಗಳನ್ನು ಒಂದರ ಮೇಲೊಂದು ಇಡುತ್ತಾ ಬರಬೇಕು. ಪದರ ಎನ್ನುತ್ತಿದ್ದರು ಅದಕ್ಕೆ. ಮೇಲಿನಿಂದ ನೋಡುವವರಿಗೆ ಯಾವ ನೆಲವಾದರೂ ನಡೆಯುತ್ತದೆ. ವಿಮಾನ ಇಳಿದು ನಿಂತ ಮೇಲೆ ಕಿಟಕಿಯಿಂದ ನೋಡಿದರೂ ಅದು ನೆಲದ ಹಾಗೇ ಕಾಣಬೇಕು. ಅದೇ ಕಷ್ಟದ ಕೆಲಸವಂತೆ.

ಒಂದು ದಿನ ಕಾಫಿ ಕೊಡಲು ಹೋದವಳು ಕಂಪ್ಯೂಟರಿನ ಪರದೆಯನ್ನು ಸುಮ್ಮನೆ ನೋಡಿ, “ಇದೇನ್ರೀ, ಸೀರೆ ಪ್ರಿಂಟ್ ಥರ ಅದೇ ಬಿರುಕು ಮತ್ತೆ ಮತ್ತೆ ಬಂದಿದೆ?” ಎಂದೆ. ನಾನು ಅಂದದ್ದು ಅಷ್ಟೇ. ಒಂದು ತುಂಡು ಟಾರಿನ ಚಿತ್ರವನ್ನೇ ಉದ್ದಕ್ಕೂ ಜೋಡಿಸಿದ್ದರು. ಅದು ತನ್ನ ಕಣ್ಣಿಗೆ ಬೀಳದೆ ಅಡುಗೆಮನೆಯಿಂದ ಬಂದವಳ ಕಣ್ಣಿಗೆ ಬಿತ್ತಲ್ಲ ಎಂದು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಸ್ಕೂಟರ್ ತೆಗೆದು, “ಬಾ, ನೆಲ ಹುಡುಕ್ಕೊಂಡು ಬರೋಣ” ಎಂದರು.

ಜಕ್ಕೂರಿನ ಒಳಗೆ ಹೋಗಿ ಫೋಟೋ ತೆಗೆಯಲು ನಮ್ಮನ್ನು ಯಾರು ಬಿಡುತ್ತಾರೆ? ಬೇಲಿಯಾಚೆ ನಿಂತು ಕಣ್ತುಂಬ ನೋಡಿಕೊಂಡು, ಅಂಥದೇ ನೆಲವನ್ನು ಊರೆಲ್ಲ ಹುಡುಕುವುದು ಇವರ ಉಪಾಯ. ಬಿರುಕು ಬಿಟ್ಟ ಮಣ್ಣಿಗೂ ಒಣ ಹುಲ್ಲಿಗೂ ಹೆಸರಘಟ್ಟ. ಹಳೆಯ ಟಾರಿಗೆ ಹೆಬ್ಬಾಳದ ಫ್ಲೈಓವರ್ ಕೆಳಗಿನ ರಸ್ತೆ. ಕೆಂಪು ಮಣ್ಣಿಗೆ ನಮ್ಮ ಕೋಗಿಲು. ಎಣ್ಣೆ ಕುಡಿದ ನೆಲಕ್ಕೆ ತುಮಕೂರು ರಸ್ತೆಯ ಮಾಕಳಿಯಲ್ಲಿ ಲಾರಿಗಳು ತಂಗುವ ಬಯಲು. ಅಲ್ಲಿ ನಾನು, “ಎಣ್ಣೆ ಚೆಲ್ಲಿರೋ ಜಾಗದ್ದೇ ಯಾಕ್ರೀ ತೆಗೀತೀರಾ? ಕ್ಲೀನಾಗಿರೋ ಕಡೆ ತೆಗೀಬಾರ್ದಾ?” ಎಂದು ಕೇಳಿದೆ. “ನಿಂಗದು ಅರ್ಥ ಆಗಲ್ಲ ಬಿಡು” ಎಂದರು. ಸರಿ, ಬಿಟ್ಟೆ. ಮದುವೆಯಾದಂದಿನಿಂದ ಅಂಥ ಎಷ್ಟೋ ವಿಷಯಗಳನ್ನು ನಾನೂ ಅವರೂ ಹಾಗೆ ಬಿಟ್ಟುಕೊಂಡು ಬಂದಿದ್ದೆವು.

ಮಾಕಳಿಯಲ್ಲೇ ಆದ ಒಂದು ಫಜೀತಿ ಹೇಳಿಬಿಡುತ್ತೇನೆ. ಬಗ್ಗಿ ಬಗ್ಗಿ ನೆಲ ನೋಡುತ್ತಾ ಹೋಗುವ ಗಂಡಸು, ಹಿಂದೆಯೇ ಚೀಲ ಹಿಡಿದ ಹೆಂಗಸು. ನೋಡಿದವರಿಗೆ ಏನನ್ನಿಸಬೇಕು? ಒಬ್ಬ ಡ್ರೈವರ್ ಬಂದು, “ಏನ್ ಬಿದ್ದೋಯ್ತು ಸಾರ್?” ಎಂದ.

“ಏನಿಲ್ಲಪ್ಪ.”

“ಹೇಳಿ ಸಾರ್, ಹುಡುಕ್ಕೊಡ್ತೀವಿ. ಉಂಗುರಾನಾ?”

ನೋಡನೋಡುತ್ತಲೇ ನಾಲ್ಕಾರು ಜನ ಸೇರಿ ನೆಲಕ್ಕೆ ಬಗ್ಗಿದರು. ನೆಲದ ಫೋಟೋ ತೆಗೆಯುತ್ತಿದ್ದೇವೆ ಎಂದರೆ ಯಾರು ನಂಬುತ್ತಾರೆ? ಹೇಗಾದರೂ ಮುಗಿಯಲಿ ಎಂದು ನಾನು, “ಮೂಗುಬಟ್ಟು ಬಿತ್ತು” ಎಂದುಬಿಟ್ಟೆ. ಪಾಪ, ಆ ಜನ ಲಾರಿಯ ಚಕ್ರದ ಸಂದಿಯಲ್ಲೆಲ್ಲ ಕೈಹಾಕಿ ಹುಡುಕಿದರು. ಕೊನೆಗೆ ಒಬ್ಬ ತಲೆಯೆತ್ತಿ ನನ್ನ ಮುಖವನ್ನೇ ದಿಟ್ಟಿಸಿ, “ಅಮ್ಮಾ, ಮೂಗಲ್ಲೇ ಐತಲ್ಲಮ್ಮಾ!” ಎಂದ. ನಮ್ಮ ಮನೆಯವರು ಆ ಕಡೆ ತಿರುಗಿ ಸ್ಕೂಟರಿಗೆ ಒದೆಯತೊಡಗಿದ್ದರು. ಮನೆ ಸೇರುವವರೆಗೆ ಇಬ್ಬರೂ ನಕ್ಕೆವು.

ಈ ತಿರುಗಾಟಗಳೆಲ್ಲ ಮೋಡ ಕವಿದ ದಿನಗಳಲ್ಲೇ ಆಗಬೇಕಿತ್ತು. ಬಿಸಿಲಿದ್ದರೆ ಕಲ್ಲಿನದು, ಹುಲ್ಲಿನದು, ನಿಂತವರದು ನೆರಳು ಬೀಳುತ್ತದೆ. ನೆರಳು ಚಿತ್ರದೊಳಗೆ ಸೇರಿಬಿಟ್ಟರೆ ಸಿಮ್ಯುಲೇಟರಿನಲ್ಲಿ ಸಂಜೆಯಾದರೂ ಅದು ಬೆಳಗಿನ ದಿಕ್ಕಿಗೇ ಬಿದ್ದಿರುತ್ತದೆ. ಹಾಗಾಗಿ ಮಳೆ ಬರಬೇಕು, ಆದರೆ ಬರಬಾರದು ಅನ್ನುವಂಥ ದಿನ ನೋಡಿ ಹೊರಡುತ್ತಿದ್ದೆವು. ಉಳಿದ ಗಂಡ ಹೆಂಡಿರು ಒಳ್ಳೆಯ ಬಿಸಿಲಿನಲ್ಲಿ ನಂದಿಬೆಟ್ಟಕ್ಕೋ ಲಾಲ್‌ಬಾಗಿಗೋ ಹೋಗಿ ಬಂದ ನೆನಪು ಹೇಳುತ್ತಾರೆ. ನನಗೆ ಅವರೊಡನೆ ತಿರುಗಿದ ನೆನಪೆಲ್ಲ ಬೂದು ಬಣ್ಣದ್ದು. ಹೆಸರಘಟ್ಟದ ಬಯಲು, ತಣ್ಣನೆ ಗಾಳಿ, ದೂರದಲ್ಲಿ ಯಾರದೋ ದನ. ಅವರು ಮೊಣಕಾಲೂರಿ ಮಣ್ಣಿಗೆ ಕ್ಯಾಮೆರಾ ಹಿಡಿದಿದ್ದಾರೆ, ನಾನು ಯಾವಾಗ ಮನೆಗೆ ಹೋಗುತ್ತೇವೋ ಎಂದು ಸೆರಗು ಹೊದ್ದು ನಿಂತಿದ್ದೇನೆ. ಆಗ ಎಷ್ಟು ಬೇಸರವಾಗುತ್ತಿತ್ತೋ ಈಗ ಅಷ್ಟೇ ಹೊಟ್ಟೆ ಉರಿಯುತ್ತದೆ, ಇನ್ನೂ ಸ್ವಲ್ಪ ಹೊತ್ತು ನಿಲ್ಲಬಾರದಿತ್ತೇ ಎಂದು.

ನಿಮಗೆ ನನ್ನ ಅಜ್ಜಿಯ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕೋಗಿಲು ಆಗ ಪೂರಾ ಹಳ್ಳಿ. ಮನೆ ಮುಂದಿನ ಅಂಗಳವನ್ನು ಅಜ್ಜಿ ದಿನಾ ಗುಡಿಸಿ, ಸಗಣಿ ಹಾಕಿ ಸಾರಿಸುತ್ತಿದ್ದಳು. ಸಾರಿಸಿದ ಮೇಲೆ ಅದರಲ್ಲೊಂದು ಕೋಳಿ ಹೆಜ್ಜೆ ಕಂಡರೂ ಸಾಕು, “ಯಾವಳೇ ಅವ್ಳು ಕೋಳಿ ಬಿಟ್ಟೋಳು?” ಎಂದು ಇಡೀ ಬೀದಿಗೆ ಕೇಳುವಂತೆ ಕೂಗುತ್ತಿದ್ದಳು. ಜಕ್ಕೂರಿನಿಂದ ಎದ್ದ ಪುಟ್ಟ ವಿಮಾನ ಗುರ್ರೆಂದು ತಲೆಯ ಮೇಲೆ ಹೋದರೆ ಮಕ್ಕಳೆಲ್ಲ ಹೋ ಎಂದು ಬೀದಿಗೆ ಓಡುತ್ತಿದ್ದೆವು. ಅಜ್ಜಿ ಒಬ್ಬಳು ಮಾತ್ರ ಮೇಲೆ ನೋಡದೆ ನಮ್ಮ ಕಾಲುಗಳನ್ನೇ ನೋಡುತ್ತಿದ್ದಳು, ಯಾವ ಕಾಲು ಹಸಿ ಅಂಗಳ ತುಳಿಯಿತು ಎಂದು. ಅವಳ ಆ ಗುಣ ಮೊಮ್ಮಕ್ಕಳಲ್ಲಿ ಪೂರ್ತಿಯಾಗಿ ಇಳಿದದ್ದು ನನಗೊಬ್ಬಳಿಗೆ. ನಮ್ಮ ಮನೆಯ ಮೊಸಾಯಿಕ್ ನೆಲದಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ನೆಂಟರು ಬಂದರೆ ಮೊದಲು ಕಾಲು, ಆಮೇಲೆ ಮುಖ ನೋಡುವವಳು ನಾನು.

ಒಂದು ಬೆಳಿಗ್ಗೆ ಕಾಫಿ ಲೋಟ ಅವರ ಕೈಯಿಂದ ಜಾರಿ ಬಿತ್ತು. “ಈಗ್ತಾನೇ ಒರ್ಸಿದ್ನಲ್ರೀ!” ಎಂದು ಬೈಯುತ್ತಲೇ ಬಟ್ಟೆ ಹಿಡಿದು ಬಂದೆ. ತಲೆಯೆತ್ತಿ ನೋಡಿದರೆ ಅವರ ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು.

ಲಕ್ವ. ಹೆಬ್ಬಾಳದ ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗೈ ಬಲಗಾಲು ಸ್ವಾಧೀನದಲ್ಲಿರಲಿಲ್ಲ. ಮಾತು ಒಡೆದು ಒಡೆದು ಬರುತ್ತಿತ್ತು. ಡಾಕ್ಟರು ನನ್ನನ್ನು ಹೊರಗೆ ಕರೆದು, ಇನ್ನೊಂದು ಸಲ ಬಂದರೆ ಕಷ್ಟ, ಬರುವುದಿಲ್ಲ ಎಂದು ಹೇಳಲಾರೆ ಎಂದರು. ಹಾಲ್‌ನಲ್ಲಿ ಗೋಡೆಗೊತ್ತಿ ಮಂಚ ಹಾಕಿ ಕೂರಿಸಿದೆ. ಎದುರಿಗೇ ಕಂಪ್ಯೂಟರಿನ ಮೇಜು. ಅವರು ಅದನ್ನೇ ನೋಡುತ್ತಾ ಕೂತಿರುತ್ತಿದ್ದರು. ಜಕ್ಕೂರು ಅರ್ಧಕ್ಕಿಂತ ಹೆಚ್ಚು ಆಗಿತ್ತು, ಮುಗಿದಿರಲಿಲ್ಲ. ಒಂದು ದಿನ ಬಹಳ ಕಷ್ಟಪಟ್ಟು, “ಮು... ಗೀ... ಬೇಕು” ಎಂದರು. ಬಾಯೊರೆಸಿ, “ಮುಗಿಯುತ್ತೆ, ನೀವ್ ಸುಮ್ನಿರಿ” ಎಂದೆ. ಹೇಳಿದ ಮೇಲೆ ನನಗೇ ಹೆದರಿಕೆಯಾಯಿತು. ಯಾರು ಮುಗಿಸುವವರು?

ಬಾಲು ಭಾನುವಾರ ಭಾನುವಾರ ಬಂದು ನನಗೆ ಮೌಸ್ ಹಿಡಿಯಲು ಕಲಿಸಿದ. ಅವನಿಗೆ ಅಂಗಡಿ ಇತ್ತು, ಮನೆಯಲ್ಲಿ ಎರಡು ಮಕ್ಕಳಿದ್ದವು, ಎಲ್ಲವನ್ನೂ ಅವನ ತಲೆಗೆ ಕಟ್ಟುವ ಹಾಗಿರಲಿಲ್ಲ. “ಆಂಟಿ, ಇದು ಅಳಿಸೋ ರಬ್ಬರ್, ಇದು ಬ್ರಷ್. ಏನೇ ಮಾಡಿ, ಸೇವ್ ಮಾಡೋದ್ ಮಾತ್ರ ಮರೀಬೇಡಿ” ಎಂದ. ಹಳದಿ ಗೆರೆಗಳ ಅಂಚು ಸರಿಮಾಡುವುದು ನನಗೆ ಕೊಟ್ಟ ಮೊದಲ ಪಾಠ. ರಂಗೋಲಿ ಎಳೆಯುವ ಕೈ ನನ್ನದು, ಬೇಗ ಬಂತು. ಇವರ ಕಣ್ಣೆದುರಿಗೇ ಇದನ್ನು ಮುಗಿಸಬೇಕು, ಆ ಇನ್ನೊಂದು ಸಲ ಬರುವ ಮೊದಲು ಮುಗಿಸಬೇಕು ಎಂದು ನನಗೂ ಹಟ ಬಂತು. ದೇವರಿಗೆ ದೀಪ ಹಚ್ಚುವಾಗಲೂ ಅದೇ ಕೇಳುತ್ತಿದ್ದೆ.

ಗೆರೆ ಮುಗಿದ ಮೇಲೆ ಕಣ್ಣರಳಿಸಿ ಇಡೀ ಜಕ್ಕೂರನ್ನು ನೋಡಿದೆ. ಅಯ್ಯೋ ರಾಮಾ, ಏನು ಗಲೀಜು! ರನ್‌ವೇ ತುದಿಯಲ್ಲಿ ಕರಿ ಕರಿ ಗೀಟುಗಳು. ವಿಮಾನ ನಿಲ್ಲುವ ಕಡೆಯೆಲ್ಲ ಎಣ್ಣೆ. ಟಾರಿನ ಸಂದಿಯಲ್ಲಿ ಕಳೆ. ಗೆರೆಯ ಬಣ್ಣ ಕಿತ್ತುಹೋಗಿದೆ. ನನಗೆ ಎಲ್ಲ ಅರ್ಥವಾಯಿತು ಅನ್ನಿಸಿತು. ಸೊಪ್ಪನ್ನು ಮಾರ್ಕೆಟ್ಟಿನಿಂದ ಮಣ್ಣಿನ ಸಮೇತ ತಂದು ಮನೆಯಲ್ಲಿ ತೊಳೆಯುವುದಿಲ್ಲವೇ, ಹಾಗೆ ಇವರು ನೆಲವನ್ನು ಕೊಳೆ ಸಮೇತ ತಂದು ಹಾಕಿದ್ದಾರೆ. ತೊಳೆಯುವ ಹೊತ್ತಿಗೆ ಕಾಯಿಲೆ ಬಿದ್ದರು. ಉಳಿದಿರುವ ಕೆಲಸ ಅದೇ! ಅವರು ಮಧ್ಯಾಹ್ನ ಮಲಗಿದಾಗ ನಾನು ರಬ್ಬರ್ ಹಿಡಿದು ಕೂರುತ್ತಿದ್ದೆ. ನನ್ನ ಜೀವಮಾನದಲ್ಲಿ ಅಷ್ಟು ಸುಲಭವಾಗಿ ಯಾವ ಕಲೆಯೂ ಹೋದದ್ದಿಲ್ಲ. ಸೋಪಿಲ್ಲ, ನೀರಿಲ್ಲ, ಸೊಂಟನೋವಿಲ್ಲ. ಉಜ್ಜಿದೆ, ಉಜ್ಜಿದೆ, ಬಾಲು ಹೇಳಿದ್ದ ಹಾಗೆ ಒಂದೊಂದು ಸಲವೂ ತಪ್ಪದೆ ಸೇವ್ ಮಾಡಿದೆ. ಎಲ್ಲ ಆದ ಮೇಲೆ ಅವರನ್ನು ದಿಂಬಿಗೆ ಒರಗಿಸಿ, ಪರದೆ ತಿರುಗಿಸಿ, “ನೋಡ್ರೀ, ಹೆಂಗಿದೆ ನಿಮ್ ಜಕ್ಕೂರು!” ಎಂದೆ.

ಅವರು ನೋಡಿದರು. ಬಹಳ ಹೊತ್ತು ನೋಡಿದರು. ರನ್‌ವೇ ಹೊಸ ಸ್ಟೀಲ್ ತಟ್ಟೆಯ ಹಾಗೆ ಹೊಳೆಯುತ್ತಿತ್ತು.

“ತೊ... ಳೆ... ದ್‌ಬಿಟ್ಯಾ?”

“ಹೂಂ ಮತ್ತೆ! ಎಷ್ಟ್ ಕೊಳೆ ಇತ್ತು ಗೊತ್ತಾ?”

ಅವರ ಗಂಟಲಿನಿಂದ ಒಂದು ವಿಚಿತ್ರ ಸದ್ದು ಬಂತು. ನಾನು ಹೆದರಿ ಎದ್ದೆ. ನೋಡಿದರೆ ನಗುತ್ತಿದ್ದರು. ಅರ್ಧ ಮುಖ ನಗುತ್ತಿತ್ತು, ಇನ್ನರ್ಧ ಸುಮ್ಮನಿತ್ತು, ಎರಡೂ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನಗುವೋ ಅಳುವೋ ಎಂದು ನನಗೆ ಇವತ್ತಿಗೂ ತಿಳಿಯದು. ಕಾಯಿಲೆ ಬಿದ್ದ ಮೇಲೆ ಅವರು ನಕ್ಕಿದ್ದರೆ ಅದೊಂದೇ ಸಲ.

ಭಾನುವಾರ ಬಂದ ಬಾಲು ಪರದೆ ನೋಡಿ ತಲೆಯ ಮೇಲೆ ಕೈ ಹೊತ್ತು ಕೂತ. “ಅಯ್ಯೋ ಆಂಟಿ, ಅದೇ ಕಣ್ರೀ ಅವ್ರ್ ಕೆಲ್ಸ! ಟಾರು, ಮಣ್ಣು ಎಲ್ಲಾ ಯಾರ್ ಬೇಕಾದ್ರೂ ಮಾಡ್ತಾರೆ. ಆ ಕೊಳೆ ಹಾಕೋಕೆ ವರ್ಷಗಟ್ಲೆ ಕೂತಿದ್ರು ಅಂಕಲ್ಲು. ಬೇರೆ ಕಾಪಿ ಏನಾದ್ರೂ ಇಟ್ಟಿದ್ರಾ?” ಎಂದ. ಇರಲಿಲ್ಲ. ಬೇಲಿಯಾಚೆ ನಿಂತು ನೋಡಿ ನೋಡಿ, ಒಂದೊಂದೇ ಕಲೆಯನ್ನು ಅದರ ಜಾಗದಲ್ಲಿ ಇಟ್ಟಿದ್ದರಂತೆ. ಮಾಕಳಿ, ಹೆಬ್ಬಾಳಗಳ ಫೋಟೋಗಳು ಇದ್ದವು, ಯಾವುದು ಎಲ್ಲಿ ಎಂಬುದು ಮಾತ್ರ ಹೋಗಿತ್ತು. ನಾನು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಒಂದು ಮಾತು ಬಿಡಿಸಿ ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು ಎಂದು ಅಳುತ್ತಲೇ ಅವರನ್ನು ಬೈದೆ. ಆಮೇಲೆ ಮುಖ ತೊಳೆದುಕೊಂಡು ಬಂದು, “ಕೊಳೆ ಮಾಡೋದ್ ತಾನೇ? ಮಾಡ್ತೀನಿ. ಅದೇನ್ ಮಹಾ” ಎಂದೆ.

ಮಹಾ ಕಷ್ಟ ಕಣ್ರೀ. ಸ್ವಚ್ಛ ಮಾಡುವುದಕ್ಕೆ ಮೈಯಲ್ಲಿ ಶಕ್ತಿ ಇದ್ದರೆ ಸಾಕು, ಕೊಳೆ ಮಾಡುವುದಕ್ಕೆ ಬುದ್ಧಿ ಬೇಕು. ನಾನು ಮೊದಲು ಅಲ್ಲಲ್ಲಿ ಸಗಣಿ ತಟ್ಟಿದ ಹಾಗೆ ಎಣ್ಣೆ ಕಲೆ ಇಟ್ಟೆ. ಅವರು ಗೋಡೆಗೆ ಒರಗಿದ್ದ ತಲೆಯನ್ನು ಆ ಕಡೆಗೂ ಈ ಕಡೆಗೂ ಆಡಿಸಿದರು. ಬೇಡ. ಬೇರೆ ಕಡೆ ಇಟ್ಟೆ. ಬೇಡ. “ಮತ್ತೆಲ್ಲಿ ಇಡ್ಲಿ? ನನ್ ತಲೆ ಮೇಲೆ ಇಟ್ಕೊಳ್ಲಾ?” ಎಂದು ರೇಗಿದೆ. ಅವರು ಎಡಗೈಯಿಂದ ಗಾಳಿಯಲ್ಲಿ ಏನೋ ಬರೆದು, ಬೆವರಿ, ಕೊನೆಗೆ ಹೇಳಿದರು, “ಕೊಳೆ... ಗೂ... ಕಾರ್ಣ... ಇರ್ಬೇಕು.”

ಆ ಮಾತನ್ನು ತಿಳಿದುಕೊಳ್ಳಲು ನನಗೆ ಒಂದು ಮಳೆಗಾಲ ಹಿಡಿಯಿತು. ವಿಮಾನ ಇಳಿದು ನೆಲ ಮುಟ್ಟುವ ಕಡೆ ಚಕ್ರದ ರಬ್ಬರ್ ಅಂಟುತ್ತದೆ, ನಡುವೆ ಅಂಟುವುದಿಲ್ಲ. ತಿರುಗುವ ಕಡೆ ಗೀಟು ಬಾಗುತ್ತದೆ. ನಿಂತ ಎಂಜಿನ್ನಿನ ಕೆಳಗೆ ಎಣ್ಣೆ ತೊಟ್ಟಿಕ್ಕುತ್ತದೆ. ನೀರು ಇಳಿಯದ ಕಡೆ ಪಾಚಿ. ಜನ ಸುತ್ತು ಬಳಸದೆ ನಡೆದುಹೋಗುವ ಕಡೆ ಹುಲ್ಲು ಸತ್ತು ಕಾಲುದಾರಿ. ನಾನು ಒಂದೊಂದೇ ಇಡುತ್ತಿದ್ದೆ, ಹಿಂದಕ್ಕೆ ತಿರುಗಿ ನೋಡುತ್ತಿದ್ದೆ, ಅವರು ಬೇಡ ಎಂದು ತಲೆಯಾಡಿಸುತ್ತಿದ್ದರು. ಹತ್ತು ಬೇಡಗಳಾದ ಮೇಲೆ ಒಂದು ಸಲ ಕಣ್ಣು ಮುಚ್ಚಿ ತೆರೆಯುತ್ತಿದ್ದರು. ಸರಿ ಎಂದರ್ಥ. ಅದಕ್ಕಾಗಿ ನಾನು ಕಾದು ಕೂರುತ್ತಿದ್ದೆ. ಅಷ್ಟು ವರ್ಷ ಅವರ ಜೊತೆ ಬಾಳಿದ್ದರೂ ದಿನವಿಡೀ ಒಂದೇ ಕೆಲಸ ಮಾಡುತ್ತಾ ಕೂತದ್ದು ಅದೇ ಮೊದಲು. ಕಾಯಿಲೆಯ ದಿನಗಳನ್ನು ಸುಖ ಎನ್ನಬಾರದು, ಎನ್ನುವುದಿಲ್ಲ. ಆದರೆ ಮಧ್ಯಾಹ್ನ ಅವರ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ, ಬಾಚಿ, ಗೋಡೆಗೆ ಒರಗಿಸಿ, ಮೇಜಿನ ಮುಂದೆ ಕೂರುವ ಹೊತ್ತಿಗೆ ನನಗೆ ಒಂದು ಥರ ಸಮಾಧಾನ ಇರುತ್ತಿತ್ತು.

ಮಾಕಳಿಯಿಂದ ನೋಡಲು ಬಂದ ನನ್ನ ನಾದಿನಿ ಪುಟ್ಟಮ್ಮ ಇದನ್ನೆಲ್ಲ ನೋಡಿ ಕಕ್ಕಾಬಿಕ್ಕಿಯಾದಳು. “ಏನತ್ತಿಗೆ ಇದು, ಅಣ್ಣ ಇಂಗ್ ಮಲಗವ್ನೆ, ನೀನ್ ನೋಡುದ್ರೆ ಟಿವಿ ಮುಂದೆ ಕುಂತು ಮಸಿ ಬಳೀತಿದೀಯ?” ಎಂದಳು. “ನಿಂಗದು ಅರ್ಥ ಆಗಲ್ಲ ಬಿಡು” ಎಂದೆ. ಮಂಚದ ಮೇಲಿಂದ ಅವರು ನನ್ನನ್ನು ಓರೆಗಣ್ಣಿನಲ್ಲಿ ನೋಡಿದರು.

ಎಲ್ಲ ಮುಗಿಯುತ್ತಾ ಬಂತು. ರನ್‌ವೇ ಆಯಿತು, ತಿರುವುಗಳಾದವು, ಹುಲ್ಲಾಯಿತು. ವಿಮಾನಗಳನ್ನು ಇಡುವ ಶೆಡ್ಡಿನ ಮುಂದೆ ಒಂದೇ ಒಂದು ವಿಮಾನ ನಿಲ್ಲುವ ಜಾಗ ಉಳಿಯಿತು. ಅಲ್ಲಿ ನಾನು ಇಟ್ಟ ಯಾವ ಕಲೆಯೂ ಅವರಿಗೆ ಒಪ್ಪಿಗೆಯಾಗಲಿಲ್ಲ. ಮಾಕಳಿಯದು ಬೇಡ, ಹೆಬ್ಬಾಳದ್ದು ಬೇಡ, ನಾನೇ ಬ್ರಷ್ಷಿನಲ್ಲಿ ಬರೆದದ್ದಂತೂ ನೋಡಲೂ ಇಲ್ಲ. “ಇದೊಂದ್ ಇರ್ಲಿ ಬಿಡ್ರೀ, ಯಾರ್ ನೋಡ್ತಾರೆ?” ಎಂದು ಬೇಡಿಕೊಂಡೆ. ತಲೆ ಆ ಕಡೆ, ಈ ಕಡೆ. ಬೇಡ. ಅವರಿಗೆ ಯಾವ ಕಲೆ ಬೇಕಿತ್ತೋ, ಬೇಲಿಯಾಚೆಯಿಂದ ಅಲ್ಲಿ ಏನು ನೋಡಿದ್ದರೋ, ಹೇಳಲು ಮಾತಿರಲಿಲ್ಲ.

ಆ ಇನ್ನೊಂದು ಸಲ ಬಂದೇ ಬಂತು. ಈ ಸಲ ಆಸ್ಪತ್ರೆಯವರೆಗೂ ಹೋಗಲಿಲ್ಲ.

ನಂತರದ ದಿನಗಳನ್ನು ವಿವರಿಸುವುದಿಲ್ಲ, ಅವು ಎಲ್ಲರ ಮನೆಯಲ್ಲೂ ಒಂದೇ ಥರ ಇರುತ್ತವೆ. ಬಂದವರು ಹೋದರು. ಮಗಳು ತುಮಕೂರಿಗೆ ಬಾ ಎಂದಳು, ನಾನು ಒಲ್ಲೆ ಎಂದೆ. ಅಷ್ಟು ದೊಡ್ಡ ಬಾಡಿಗೆ ಮನೆ ಒಬ್ಬಳಿಗೆ ಯಾಕೆ ಎಂದು ಈ ಪಾರ್ಕಿನ ಹತ್ತಿರ ಒಂದು ರೂಮಿನ ಮನೆ ಹಿಡಿದೆ. ಜಕ್ಕೂರಿನ ಆ ಒಂದು ಜಾಗ ಹಾಗೇ ಖಾಲಿ ಇತ್ತು. ಅದನ್ನು ತೆರೆದು ನೋಡಲು ನನಗೆ ಧೈರ್ಯವಿರಲಿಲ್ಲ. ಅವರ ಕಣ್ಣೆದುರು ಮುಗಿಸುತ್ತೇನೆ ಎಂದು ಮಾತು ಕೊಟ್ಟವಳು ನಾನು, ಆಗಲಿಲ್ಲ. ಆ ಸಂಕಟ ಒಂದು ಕಡೆ ನಿಲ್ಲುತ್ತಿರಲಿಲ್ಲ, ಅನ್ನ ಬಸಿಯುವಾಗ, ಬಟ್ಟೆ ಮಡಿಸುವಾಗ ಬಂದು ಹಿಡಿದುಕೊಳ್ಳುತ್ತಿತ್ತು.

ಮನೆ ಖಾಲಿ ಮಾಡುವ ದಿನ ಸಾಮಾನೆಲ್ಲ ಹೋಗಿ ಕಂಪ್ಯೂಟರಿನ ಮೇಜೊಂದು ಉಳಿದಿತ್ತು. ಬಾಲು ಬಂದು ಬಿಚ್ಚುವವನಿದ್ದ. ಅಷ್ಟರಲ್ಲೇ ಮನೆಯ ಮಾಲೀಕರು ಪೇಂಟರನ್ನು ಕಳಿಸಿದ್ದರು. ಆತ ಹಾಲ್‌ನ ಗೋಡೆ ನೋಡಿ ನಾಲಿಗೆಯಿಂದ ಲೊಚಗುಟ್ಟಿ, “ಎಣ್ಣೆ ಕಲೆ ಕಣಮ್ಮ ಇದು. ಹಂಗೇ ಪೇಂಟ್ ಹೊಡುದ್ರೆ ಮತ್ತೆ ಎದ್ದು ಬರ್ತದೆ. ಕೆರೀಬೇಕು” ಎಂದು ಚೀಲದಿಂದ ಕೆರೆಯುವ ತಗಡಿನ ಪಟ್ಟಿ ತೆಗೆದ.

ಮಂಚ ತೆಗೆದ ಮೇಲೆ ಆ ಗೋಡೆಯನ್ನು ನಾನು ಸರಿಯಾಗಿ ನೋಡಿರಲಿಲ್ಲ. ಅವರು ತಲೆ ಒರಗಿಸುತ್ತಿದ್ದ ಕಡೆ ಒಂದು ಕಪ್ಪು ಕಲೆ. ನಡುವೆ ಗಾಢವಾಗಿತ್ತು, ಎರಡೂ ಪಕ್ಕಕ್ಕೆ ತೆಳುವಾಗಿ, ಅಗಲವಾಗಿ ಹರಡಿತ್ತು. ತಲೆ ಸುಮ್ಮನೆ ಒರಗಿದ್ದರೆ ದುಂಡಗಿನ ಕಲೆಯಾಗುತ್ತಿತ್ತು. ಇದು ಆ ಕಡೆಗೂ ಈ ಕಡೆಗೂ ಉಜ್ಜಿ ಆದದ್ದು. ಆ ಮಳೆಗಾಲದಿಂದ ನನಗೆ ಹೇಳಿದ ಅಷ್ಟೂ ಬೇಡಗಳು ಗೋಡೆಯ ಮೇಲಿದ್ದವು.

“ಮುಟ್ಟಬೇಡ!” ಎಂದು ನಾನು ಕೂಗಿದ್ದಕ್ಕೆ ಪೇಂಟರ್ ಎರಡು ಹೆಜ್ಜೆ ಹಿಂದೆ ಸರಿದ. “ಹೋಗಪ್ಪ, ಟೀ ಕುಡ್ಕೊಂಡ್ ಬಾ” ಎಂದು ಕಳಿಸಿದೆ. ಮೇಜಿನ ಡ್ರಾಯರಿನಿಂದ ಅವರ ಕ್ಯಾಮೆರಾ ತೆಗೆದೆ. ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು, ಕಂಪ್ಯೂಟರಿಗೆ ಸುತ್ತಲು ಇಟ್ಟುಕೊಂಡಿದ್ದ ಬೆಡ್‌ಶೀಟ್ ಕಟ್ಟಿದೆ. ನನ್ನ ನೆರಳು ಬೀಳದ ಹಾಗೆ ಪಕ್ಕಕ್ಕೆ ನಿಂತೆ. ಮೊದಲ ಎರಡು ಕೆಟ್ಟವು, ಮೂರನೆಯದು ಬಂತು. ಅದನ್ನು ಕಂಪ್ಯೂಟರಿಗೆ ಹಾಕಿ, ಸುತ್ತಲಿನ ಗೋಡೆಯ ಬಣ್ಣ ಅಳಿಸಿ, ಟಾರಿಗೆ ಹೊಂದುವ ಹಾಗೆ ತಿಳಿ ಮಾಡಿ, ಶೆಡ್ಡಿನ ಮುಂದಿನ ಆ ಖಾಲಿ ಜಾಗದಲ್ಲಿ ಇಟ್ಟೆ. ಪೇಂಟರ್ ಯಾವಾಗ ಬಂದನೋ ಗೊತ್ತಿಲ್ಲ. ನನಗೆ ಪರದೆಯ ಮೇಲಿಂದ ಕಣ್ಣು ಕೀಳಲಾಗಲಿಲ್ಲ. ಅಲ್ಲಿ ದಿನಾ ಒಂದು ವಿಮಾನ ಬಂದು ನಿಲ್ಲುತ್ತಿತ್ತು, ಬೆಳಿಗ್ಗೆ ಗಾಳಿಯಲ್ಲಿ ಅಲುಗಾಡಿ ಅಲುಗಾಡಿ ಎಣ್ಣೆ ಚೆಲ್ಲುತ್ತಿತ್ತು ಎನ್ನುವ ಹಾಗೇ ಇತ್ತು. ಸೇವ್ ಮಾಡಿದೆ.

“ಈಗ್ಲಾದ್ರೂ ಸರೀನಾ?” ಎನ್ನುತ್ತಾ ಹಿಂದಕ್ಕೆ ತಿರುಗಿದೆ. ಪೇಂಟರ್ ಆ ಜಾಗವನ್ನು ಕೆರೆದು ಮುಗಿಸಿ, ಬೆಳ್ಳಗೆ ಪುಟ್ಟಿ ಹಚ್ಚುತ್ತಿದ್ದ.